ಉಪದೇಶಕ್ಕೆ ಪಾದ್ರಿಗಳಿದ್ದಾರೆ

ಡಿಸೆಂಬರ್ ಬಂತೆಂದರೆ ನಮ್ಮ ಸಭೆಗಳ ಪತ್ರಿಕೆಗಳಲ್ಲಿ ಒಂದೇ ಕಥೆ ಹೆಸರು ಬದಲಿಸಿಕೊಂಡು ಅಚ್ಚಾಗುತ್ತದೆ. ಗಂಡ ಕುಡುಕ, ಹೆಂಡತಿ ಸಾಧ್ವಿ, ಮಗುವಿಗೆ ವಿಪರೀತ ಜ್ವರ. ಕ್ರಿಸ್ಮಸ್ ಹಿಂದಿನ ರಾತ್ರಿ ಚರ್ಚಿನ ಗಂಟೆ ಬಾರಿಸುತ್ತದೆ. ಗಂಡ ಬಾಟಲಿ ಒಡೆದುಹಾಕುತ್ತಾನೆ, ಮಗುವಿನ ಜ್ವರ ಇಳಿಯುತ್ತದೆ, ಕೊನೆಗೊಂದು ಬೈಬಲ್ ವಚನ. ಕೆಲವು ಕಥೆಗಳಲ್ಲಂತೂ ಹಿಮವೂ ಬೀಳುತ್ತದೆ! ಗದಗದಲ್ಲೋ ದಾವಣಗೆರೆಯಲ್ಲೋ ಹಿಮ ಬಿದ್ದದ್ದನ್ನು ಕಂಡವರು ಯಾರು?

ಇಂಥವನ್ನು ಬರೆಯುವವರು ಬಹುಪಾಲು ಹೆಂಗಸರೇ, ಓದುವವರೂ ನಾವೇ. "ಕ್ರೈಸ್ತ ಕಥೆಗೆ ವಸ್ತು ಎಲ್ಲಿಂದ ತರೋದು ಟೀಚರ್?" ಎಂದು ಸ್ತ್ರೀ ಸಂಘದ ಹೆಣ್ಣುಮಕ್ಕಳು ನನ್ನನ್ನು ಕೇಳುವುದುಂಟು. ಉಪವಾಸವಿದ್ದು ಪ್ರಾರ್ಥಿಸಿದರೆ ಸ್ಫೂರ್ತಿ ಇಳಿದುಬರುತ್ತದೆ ಎಂದು ಹಿರಿಯರು ಹೇಳಿಬಿಡುತ್ತಾರೆ. ಪ್ರಾರ್ಥನೆ ಒಳ್ಳೆಯದೇ. ಆದರೆ ಕಣ್ಣು ಮುಚ್ಚಿ ಪ್ರಾರ್ಥಿಸಿದವರು ಆಮೇಲೆ ಕಣ್ಣು ಬಿಟ್ಟು ನೋಡಬೇಡವೇ? ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ನಮಗೇ ಹೇಳಿ ಮಾಡಿಸಿದಂತಿದೆ.

ಯೇಸುಸ್ವಾಮಿ ಹೇಳಿದ ಕಥೆಗಳನ್ನೇ ನೋಡಿ. ಒಬ್ಬ ಹೆಂಗಸು ಮೂರು ಸೇರು ಹಿಟ್ಟಿನಲ್ಲಿ ಹುಳಿ ಬೆರೆಸಿಡುತ್ತಾಳೆ. ಇನ್ನೊಬ್ಬಳು ಹತ್ತು ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡು ದೀಪ ಹಚ್ಚಿ ಮನೆಯೆಲ್ಲ ಗುಡಿಸಿ ಹುಡುಕುತ್ತಾಳೆ. ಸಿಕ್ಕಿದ ಕೂಡಲೇ ನೆರೆಹೊರೆಯವರನ್ನು ಕರೆದು ಹೇಳಿಕೊಳ್ಳುತ್ತಾಳೆ. ಒಬ್ಬ ವಿಧವೆ ನ್ಯಾಯಾಧಿಪತಿಯ ಬಾಗಿಲಿಗೆ ಅಲೆದೂ ಅಲೆದೂ ಅವನನ್ನು ಸುಸ್ತು ಮಾಡುತ್ತಾಳೆ. ದೋಸೆ ಹಿಟ್ಟು ಹುಳಿ ಬಂತೇ ಎಂದು ಬೆಳಗಾಗೆದ್ದು ಮುಚ್ಚಳ ತೆಗೆದು ನೋಡುವ ನಮಗೆ, ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ನೋಟು ಕಾಣದೆ ಒದ್ದಾಡಿದ ನಮಗೆ, ಪಿಂಚಣಿಗಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದ ನಮಗೆ ಈ ಕಥೆಗಳ ಅರ್ಥವನ್ನು ಇನ್ನೊಬ್ಬರು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕೆಲಸಗಳೇ ಸುವಾರ್ತೆಯಲ್ಲಿ ಕಥೆಗಳಾಗಿವೆ. ನಮ್ಮ ಕಥೆಗಳಲ್ಲಿ ಮಾತ್ರ ಅವಕ್ಕೆ ಜಾಗವಿಲ್ಲ.

ಇನ್ನೊಂದು ವಿಷಯ. ಕಳೆದುಹೋದ ಮಗನ ಕಥೆಯ ಕೊನೆಯಲ್ಲಿ ಹಿರಿಯ ಮಗ ಸಿಟ್ಟುಮಾಡಿಕೊಂಡು ಅಂಗಳದಲ್ಲಿ ನಿಂತಿದ್ದಾನೆ, ತಂದೆ ಹೊರಗೆ ಬಂದು ಕರೆಯುತ್ತಿದ್ದಾನೆ. ಅವನು ಒಳಗೆ ಹೋದನೇ? ಸ್ವಾಮಿ ಹೇಳಲಿಲ್ಲ. ಅಲ್ಲಿಗೇ ಬಿಟ್ಟುಬಿಟ್ಟರು. ನಾವಾಗಿದ್ದರೆ ಅಣ್ಣ ತಮ್ಮಂದಿರನ್ನು ಅಪ್ಪಿಕೊಳ್ಳುವಂತೆ ಮಾಡಿ, ಕೆಳಗೊಂದು ನೀತಿ ಬರೆದು, ಓದುವವರಿಗೆ ಯೋಚಿಸಲು ಏನನ್ನೂ ಉಳಿಸುತ್ತಿರಲಿಲ್ಲ.

ನಮ್ಮ ಚರಿತ್ರೆಯಲ್ಲಾದರೂ ವಸ್ತುವಿಗೆ ಬರವೇ? ಮೋಗ್ಲಿಂಗ್ ಸಾಹೇಬರು ೧೮೪೩ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ್ದು, ಕಿಟ್ಟೆಲ್ ಸಾಹೇಬರ ನಿಘಂಟು ೧೮೯೪ರಲ್ಲಿ ಬಂದದ್ದು ಎಲ್ಲವನ್ನೂ ಶಾಲೆಯ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಸಾಹೇಬರ ಹೆಸರು ಉಳಿಯಿತು. ಅದೇ ಕಾಲದಲ್ಲಿ ದೀಕ್ಷಾಸ್ನಾನ ಪಡೆದ ಮನೆಯ ಹೆಂಗಸಿನ ಹೆಸರೇನು? ಬಾಸೆಲ್ ಮಿಶನ್ನಿನವರು ಕಳ್ಳು ಇಳಿಸುವ ಕಸುಬನ್ನು ಒಪ್ಪುತ್ತಿರಲಿಲ್ಲ. ಹಾಗಾಗಿ ತುಳುನಾಡಿನಲ್ಲಿ ಸಭೆಗೆ ಸೇರಿದ ಎಷ್ಟೋ ಬಿಲ್ಲವ ಸಂಸಾರಗಳು ಕುಲಕಸುಬು ಬಿಡಬೇಕಾಯಿತು. ಅವರಂಥವರಿಗೆ ಅನ್ನ ದೊರೆಯಲೆಂದೇ ಮಿಶನ್ನಿನ ನೇಯ್ಗೆ ಶಾಲೆ, ೧೮೬೫ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆ ಹುಟ್ಟಿದವು. ಗಂಡ ತಾಳೆಮರ ಹತ್ತುವುದನ್ನು ಬಿಟ್ಟ ದಿನ ಆ ಮನೆಯ ಒಲೆ ಹೇಗೆ ಉರಿಯಿತು? ಮುಂದಿನ ಹಬ್ಬಕ್ಕೆ ಅವಳ ತವರಿನವರು ಕರೆದರೇ? ಒಬ್ಬ ಕಥೆಗಾರ್ತಿಗೆ ಇದಕ್ಕಿಂತ ದೊಡ್ಡ ಸ್ಫೂರ್ತಿ ಬೇಕೇ?

ಹಳೆಯದು ಬೇಡವೆಂದರೆ ಹತ್ತಿರದ್ದೇ ಇದೆ. ೧೮೬೯ರ ವಿಚ್ಛೇದನ ಕಾಯಿದೆಯ ಪ್ರಕಾರ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿದರೆ ಸಾಕಿತ್ತು. ಹೆಂಡತಿಗೋ, ಗಂಡ ಹೊಡೆಯುತ್ತಾನೆಂದರೆ ಸಾಲದು, ವ್ಯಭಿಚಾರವೆಂದರೂ ಸಾಲದು. ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ಸೇರಿಸಿ ತೋರಿಸಬೇಕಿತ್ತು. ಈ ಭೇದ ಕಾಯಿದೆಯ ಪುಸ್ತಕದಿಂದ ಹೋದದ್ದು ೨೦೦೧ರ ತಿದ್ದುಪಡಿಯಲ್ಲಿ, ೧೩೨ ವರ್ಷಗಳಾದ ಮೇಲೆ. ಅಷ್ಟು ಕಾಲ ಸಹಿಸಿಕೊಂಡು ಭಾನುವಾರ ಸೆರಗು ಹೊದ್ದು ಮುಂದಿನ ಬೆಂಚಿನಲ್ಲಿ ಕೂತು ಹಾಡಿದ ನಮ್ಮ ತಾಯಂದಿರ ಕಥೆಯನ್ನು ಯಾವ ಕ್ರಿಸ್ಮಸ್ ಸಂಚಿಕೆಯಲ್ಲೂ ನಾನು ಓದಿಲ್ಲ. ವರದಕ್ಷಿಣೆಯ ಮಾತು, ಸಂಬಂಧ ಕೇಳಲು ಬಂದವರು ಮೆಲ್ಲಗೆ ಮೂಲಜಾತಿ ವಿಚಾರಿಸುವ ಮಾತು, ಇವೂ ಅಷ್ಟೇ. ಎಲ್ಲರಿಗೂ ಗೊತ್ತು, ಯಾರೂ ಬರೆಯರು.

ಏಕೆ ಬರೆಯುವುದಿಲ್ಲ? "ಸಭೆಯ ಮಾನ ಹೋಗುತ್ತದೆ" ಎನ್ನುತ್ತಾರೆ. ಈ ಮಾತು ಬರೆದು ಒಬ್ಬ ಸಂಪಾದಕರು ನನ್ನ ಕಥೆಯನ್ನೂ ವಾಪಸು ಕಳಿಸಿದ್ದುಂಟು. ನಾನು ಕೇಳುತ್ತೇನೆ: ದಾವೀದನು ಊರೀಯನ ಹೆಂಡತಿಯನ್ನು ಕರೆಸಿಕೊಂಡು ಊರೀಯನನ್ನು ಯುದ್ಧದಲ್ಲಿ ಸಾಯಿಸಿದ್ದನ್ನು ಬೈಬಲ್ ಮುಚ್ಚಿಟ್ಟಿತೇ? ಪೇತ್ರನು ಮೂರು ಸಲ ತನ್ನ ಗುರುವನ್ನು ಅರಿಯೆನೆಂದದ್ದನ್ನು ಒಂದಲ್ಲ, ನಾಲ್ಕು ಸುವಾರ್ತೆಗಳೂ ಬರೆದಿಟ್ಟಿವೆ. ಬೈಬಲಿಗೆ ಇಲ್ಲದ ಮಾನದ ಭಯ ನಮ್ಮ ಮಾಸಪತ್ರಿಕೆಗಳಿಗೇಕೆ?

"ಹಾಗಾದರೆ ಅದು ಕ್ರೈಸ್ತ ಕಥೆ ಹೇಗಾಯಿತು? ದೇವರ ಹೆಸರೇ ಬರಲಿಲ್ಲವಲ್ಲ" ಎನ್ನುವವರಿಗೂ ಉತ್ತರ ಬೈಬಲಿನಲ್ಲೇ ಇದೆ. ಎಸ್ತೇರಳ ಪುಸ್ತಕದ ಹೀಬ್ರೂ ಮೂಲದಲ್ಲಿ ದೇವರ ಹೆಸರು ಒಂದು ಸಲವೂ ಬರುವುದಿಲ್ಲ. ರೂತಳ ಪುಸ್ತಕವಿರುವುದು ನಾಲ್ಕೇ ಅಧ್ಯಾಯ. ಅದರಲ್ಲಿ ಪವಾಡವಿಲ್ಲ, ಇಬ್ಬರು ವಿಧವೆಯರಿದ್ದಾರೆ, ಅತ್ತೆ ಮತ್ತು ಸೊಸೆ. ಕೊಯ್ದ ಹೊಲದಲ್ಲಿ ಹಕ್ಕಲಾಯ್ದು ಹೊಟ್ಟೆ ಹೊರೆಯುತ್ತಾರೆ. ಹಕ್ಕಲಾಯುವ ಹೆಂಗಸರು ನಮ್ಮ ಸೀಮೆಯ ಹೊಲಗಳಲ್ಲಿ ಇಲ್ಲವೇ?

ಸಾಗರದ ನಾ. ಡಿಸೋಜ ಅವರು ಒಂದು ಕಾದಂಬರಿಗೆ 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಎಂದು ಹೆಸರಿಟ್ಟರು. ಆ ಹೆಸರೇ ನಮಗೊಂದು ಪಾಠ. ಇಗರ್ಜಿಯ ವೇದಿಕೆಯಲ್ಲಿ ನಿಂತು ಕಥೆ ಹುಡುಕಬೇಡಿ, ಸುತ್ತಲಿನ ಮನೆಗಳಿಗೆ ಹೋಗಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ತಾನೇ ತಂದುಕೊಟ್ಟ ಕುಂಬಳಕಾಯಿಗೆ ಇನ್ನೊಬ್ಬರು ಸಾವಿರ ರೂಪಾಯಿ ಕೂಗಿದಾಗ ಹಿಂದಿನ ಸಾಲಿನ ಮುದುಕಿಯ ಮುಖ ನೋಡಿ. ಗೋದಲಿ ಕಟ್ಟುವಾಗ ಯಾರು ಹುಲ್ಲು ಹೊತ್ತು ತರುತ್ತಾರೆ, ಯಾರು ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ ನೋಡಿ. ನೋಡಿದ್ದನ್ನು ನೋಡಿದ ಹಾಗೆ ಬರೆಯಿರಿ. ಉಪದೇಶ ಮಾಡಲು ಪಾದ್ರಿಗಳಿದ್ದಾರೆ, ಅದು ಅವರ ಕೆಲಸ. ಸಂಪಾದಕರು ವಾಪಸು ಕಳಿಸಿದರೆ ಮತ್ತೊಮ್ಮೆ ಕಳಿಸಿ, ಮಗದೊಮ್ಮೆ ಕಳಿಸಿ. ನ್ಯಾಯಾಧಿಪತಿಯನ್ನು ಸುಸ್ತು ಮಾಡಿದ ಆ ವಿಧವೆ ನಮ್ಮವಳೇ ಅಲ್ಲವೇ?