ಇವರ ಮೈ ಯಾರಿಗೂ ಬೇಡವಾಯಿತೇ?

ಸ್ಕಿಜೋಫ್ರೇನಿಯಾ ಇರುವವರು ಉಳಿದವರಿಗಿಂತ ಸರಾಸರಿ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ. ಕೇಳಿದವರೆಲ್ಲ ಆತ್ಮಹತ್ಯೆಯಿರಬೇಕು ಅಂದುಕೊಳ್ಳುತ್ತಾರೆ. ಅದೂ ಇದೆ. ಆದರೆ ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳುವುದು ಮೈಗೆ ಬರುವ ಕಾಯಿಲೆಗಳು, ಅದರಲ್ಲೂ ಹೃದ್ರೋಗ. ಅದಕ್ಕೆ ದಾರಿ ಮಾಡಿಕೊಡುವುದು ಏರಿದ ತೂಕ, ಸಕ್ಕರೆ, ರಕ್ತದಲ್ಲಿನ ಕೊಬ್ಬು, ಬೀಡಿ. ತೂಕದ ಯಂತ್ರ, ಬಿ.ಪಿ. ಪಟ್ಟಿ, ಬೆರಳ ತುದಿಯ ಒಂದು ಹನಿ ರಕ್ತ, ಇಷ್ಟಿದ್ದರೆ ವರ್ಷಗಳ ಮೊದಲೇ ಗೊತ್ತಾಗುವ ಅಪಾಯ ಇದು. ಇದಕ್ಕೆ ವಿಧಿಬರಹ ಎಂದು ಹೆಸರಿಟ್ಟು ಕೈತೊಳೆದುಕೊಳ್ಳಲು ನಾನು ಯಾರನ್ನೂ ಬಿಡುವುದಿಲ್ಲ.

ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಇಪ್ಪತ್ತು ದಾಟಿದ ಮಗನನ್ನು ಕರೆದುಕೊಂಡು ತಾಯಿ ಬಂದಿದ್ದಾಳೆ. ಅವನ ಅಂಗಿಯ ಕೆಳಗಿನ ಎರಡು ಗುಂಡಿ ಹಾಕಲಾಗುತ್ತಿಲ್ಲ, ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದೆ. ಸರದಿ ಬಂದಾಗ ಕೇಳಿದ್ದು ಎರಡೇ ಪ್ರಶ್ನೆ: "ನಿದ್ದೆ ಮಾಡ್ತಾನಾ? ಊಟ ಮಾಡ್ತಾನಾ?"

"ಚೆನ್ನಾಗ್ ಉಣ್ತಾನೆ ಸಾರ್. ಕಿವೀಲಿ ಯಾರೋ ಮಾತಾಡೋದು ನಿಂತಿದೆ ಅಂತಾನೆ. ಆದ್ರೆ ರಾತ್ರಿಯೆಲ್ಲ ನೀರು ಕುಡೀತಾನೆ, ಮೂರು ನಾಲ್ಕು ಸಲ ಎದ್ದು ಹೊರಗ್ ಹೋಗ್ತಾನೆ."

"ಅದೂ ಈ ಕಾಯ್ಲೆದೇ ಕಣಮ್ಮ. ಮಾತ್ರೆ ಬಿಡಿಸ್ಬೇಡಿ."

ಚೀಟಿಯ ಮೇಲೆ ಹಿಂದಿನ ತಿಂಗಳ ಮಾತ್ರೆಯನ್ನೇ ಮತ್ತೆ ಬರೆದರು. ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ಕಪ್ಪಾದ ಕುತ್ತಿಗೆ, ಇವನ್ನು ಬೇರೆ ಯಾವ ಹುಡುಗನಲ್ಲಿ ಕಂಡಿದ್ದರೂ ಅದೇ ವೈದ್ಯರು ಸಕ್ಕರೆ ನೋಡಿಸುತ್ತಿದ್ದರು. ಅದನ್ನು ನೋಡುವ ಯಂತ್ರ ಎರಡು ಬಾಗಿಲು ಆಚೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ಕಿನಲ್ಲಿ ಇತ್ತು. ಹುಡುಗನನ್ನು ಅಲ್ಲಿಗೆ ಕಳಿಸಲು ಯಾರಿಗೂ ತೋಚಲಿಲ್ಲ. ಒಮ್ಮೆ ಹುಚ್ಚ ಎಂಬ ಹಣೆಪಟ್ಟಿ ಬಿದ್ದರೆ ಅವನ ಬಾಯಾರಿಕೆಯೂ ಹುಚ್ಚು, ಎದೆನೋವೂ ಹುಚ್ಚು.

ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಮಧುಮೇಹ ಮತ್ತು ಮನೋರೋಗ ಒಂದೇ ಕುಟುಂಬಗಳಲ್ಲಿ ಕಾಣಿಸಿಕೊಳ್ಳುವುದನ್ನು ಬ್ರಿಟಿಷ್ ಮನೋವೈದ್ಯ ಹೆನ್ರಿ ಮಾಡ್ಸ್‌ಲಿ 1879ರಲ್ಲೇ ಬರೆದಿದ್ದ. ಆಗ ಮನೋರೋಗದ ಈಗಿನ ಮಾತ್ರೆಗಳು ಯಾವುವೂ ಇರಲಿಲ್ಲ. ಒಂದೂ ಮಾತ್ರೆ ನುಂಗದ ಹೊಸ ರೋಗಿಗಳಲ್ಲೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದನ್ನು ಈಚಿನ ಅಧ್ಯಯನಗಳು ಕಂಡಿವೆ. ಸಕ್ಕರೆಯ ದಾರಿ ಮೊದಲೇ ಇಳಿಜಾರಾಗಿರುವ ಇಂಥ ಮೈಗೆ ನಾವು ಓಲಾಂಜಪಿನ್, ಕ್ಲೋಜಪಿನ್ ಕೊಡುತ್ತೇವೆ. ಇವು ಹಸಿವನ್ನು ಕೆರಳಿಸುತ್ತವೆ, ಹೊಟ್ಟೆ ತುಂಬಿದ ಅರಿವನ್ನು ಮಂಕಾಗಿಸುತ್ತವೆ. ಮೊದಲ ಕೆಲವು ತಿಂಗಳಲ್ಲೇ ತೂಕ ಸರಸರನೆ ಏರುತ್ತದೆ. ಉತ್ಸಾಹ ಬತ್ತುವುದು, ಮೂಲೆ ಹಿಡಿದು ಕೂರುವುದು ಕಾಯಿಲೆಯದ್ದೇ ಲಕ್ಷಣ. ಅಂಥವನಿಗೆ "ದಿನಾ ವಾಕಿಂಗ್ ಮಾಡು" ಎಂದು ಹೇಳಿ ಕಳಿಸಿದರೆ ಜವಾಬ್ದಾರಿ ಮುಗಿಯಿತೇ? ಮನೆಯವರಿಗಾದರೂ ಎಚ್ಚರಿಸಿದವರು ಯಾರು? ಮಗ ಮೈತುಂಬಿಕೊಂಡಿದ್ದಾನೆ ಎಂದು ಅವರು ದೃಷ್ಟಿ ತೆಗೆಯುತ್ತಾರೆ.

ಔಷಧಿ ಕಂಪನಿಗಳಿಗೂ ಗೊತ್ತಿತ್ತು, ಸರ್ಕಾರಗಳಿಗೂ ಗೊತ್ತಿತ್ತು. ಈ ಗುಂಪಿನ ಎಲ್ಲ ಹೊಸ ಔಷಧಿಗಳ ಮೇಲೆ ಮಧುಮೇಹದ ಎಚ್ಚರಿಕೆ ಹಾಕಬೇಕೆಂದು ಅಮೆರಿಕದ ಔಷಧ ನಿಯಂತ್ರಕರು 2003ರಲ್ಲಿ ಹೇಳಿದರು. 2004ರಲ್ಲಿ ಅಲ್ಲಿನ ಮಧುಮೇಹ ತಜ್ಞರೂ ಮನೋವೈದ್ಯರೂ ಒಟ್ಟಾಗಿ ಯಾವಾಗ ಏನನ್ನು ಅಳೆಯಬೇಕು ಎಂಬ ಪಟ್ಟಿ ಕೊಟ್ಟರು. 2005ರಲ್ಲಿ ಪ್ರಕಟವಾದ ಕೇಟಿ ಎಂಬ ದೊಡ್ಡ ಅಧ್ಯಯನದಲ್ಲಿ ಓಲಾಂಜಪಿನ್ ತೆಗೆದುಕೊಂಡವರ ಪೈಕಿ ಶೇಕಡಾ 30 ಮಂದಿಯ ತೂಕ ಶೇಕಡಾ ಏಳಕ್ಕಿಂತ ಹೆಚ್ಚು ಏರಿತ್ತು. ಅದೇ ಔಷಧಿಯನ್ನು ಅನುಮತಿಯಿಲ್ಲದ ಕಾಯಿಲೆಗಳಿಗೂ ಮಾರಿದ್ದಕ್ಕೆ ಎಲಿ ಲಿಲ್ಲಿ ಕಂಪನಿ 2009ರಲ್ಲಿ ತಪ್ಪೊಪ್ಪಿಕೊಂಡು 140 ಕೋಟಿ ಡಾಲರಿಗೂ ಹೆಚ್ಚು ತೆತ್ತಿತು. ಇಷ್ಟೆಲ್ಲ ಆಗಿ ಎಷ್ಟು ವರ್ಷವಾಯಿತು! ನಮ್ಮ ಚೀಟಿಗಳಲ್ಲಿ ತೂಕ ಬರೆಯುವ ಜಾಗ ಇನ್ನೂ ಖಾಲಿ.

ಒಂದು ಮಾತು ಸ್ಪಷ್ಟವಿರಲಿ. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬಾರದು. ಫಿನ್ಲೆಂಡಿನಲ್ಲಿ ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದಾಗ ಔಷಧಿ ತೆಗೆದುಕೊಂಡವರೇ ತೆಗೆದುಕೊಳ್ಳದವರಿಗಿಂತ ಹೆಚ್ಚು ಕಾಲ ಬದುಕಿದ್ದು ಕಂಡುಬಂತು. ಕಿವಿಯೊಳಗಿನ ದನಿಗಳ ಕಾಟದಿಂದ ಬಿಡುಗಡೆ ಕೊಡುವ ಮಾತ್ರೆಯ ಮೇಲೆ ನನಗೆ ದ್ವೇಷವಿಲ್ಲ. ಮಾತ್ರೆ ಬರೆದುಕೊಟ್ಟು, ಅದು ಮೈಗೆ ಏನು ಮಾಡುತ್ತಿದೆಯೆಂದು ತಿರುಗಿಯೂ ನೋಡದವರ ಮೇಲೆ ನನ್ನ ಸಿಟ್ಟು.

ಏಕೆಂದರೆ ಈ ಹಾನಿಯನ್ನು ತಡೆಯಬಹುದು. ಸಿಡ್ನಿಯ ಬಾಂಡೈನಲ್ಲಿ ಮೊದಲ ಸಲ ಕಾಯಿಲೆ ಕಾಣಿಸಿಕೊಂಡ ಹುಡುಗ ಹುಡುಗಿಯರಿಗೆ ಔಷಧಿಯ ಜೊತೆಗೇ ಊಟ ಮತ್ತು ವ್ಯಾಯಾಮದಲ್ಲಿ ಕೈಹಿಡಿದು ನಡೆಸುವವರನ್ನು ಕೊಟ್ಟರು. ಸಣ್ಣ ಅಧ್ಯಯನವೇ, ಆದರೆ 12 ವಾರಗಳಲ್ಲಿ ಅವರ ತೂಕ ಏರಿದ್ದು ಸರಾಸರಿ 1.8 ಕೆ.ಜಿ. ಮಾಮೂಲಿ ಚಿಕಿತ್ಸೆ ಪಡೆದವರದ್ದು 7.8 ಕೆ.ಜಿ. ಮೆಟ್ಫಾರ್ಮಿನ್ ಎಂಬ ಅಗ್ಗದ ಸಕ್ಕರೆ ಕಾಯಿಲೆಯ ಮಾತ್ರೆಯೂ ಈ ತೂಕಕ್ಕೆ ಕಡಿವಾಣ ಹಾಕಲು ನೆರವಾಗುತ್ತದೆ. ಅದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಸಿಗುತ್ತದೆ.

ಇನ್ನು ಸರ್ಕಾರ. ಸಕ್ಕರೆ, ಬಿ.ಪಿ. ತಪಾಸಣೆಗೆ ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬರುವುದು 30 ದಾಟಿದವರಿಗಾಗಿ. ಸ್ಕಿಜೋಫ್ರೇನಿಯಾ ಬಹುತೇಕರನ್ನು ಹಿಡಿಯುವುದು ಅದಕ್ಕಿಂತ ಮೊದಲೇ. ಹಾಗಾಗಿ ಮೈ ಕೆಡಲು ಶುರುವಾಗುವ ವರ್ಷಗಳಲ್ಲಿ ಈ ಮಕ್ಕಳು ಯಾವ ಪುಸ್ತಕದಲ್ಲೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಂ ಮಾತ್ರ ಮನೋರೋಗಿಗೆ ದೈಹಿಕ ರೋಗಿಯಷ್ಟೇ ಸಮಾನ ಆರೈಕೆ ಸಿಗಬೇಕು ಎನ್ನುತ್ತದೆ. ಎರಡು ಬಾಗಿಲು ಆಚೆಗೂ ತಲುಪದ ಸಮಾನತೆಯನ್ನು ಯಾರಿಗಾಗಿ ಬರೆದಿರಿ?

ನಾವು ಕೇಳುತ್ತಿರುವುದು ದಾನವಲ್ಲ. ಮಾತ್ರೆ ಶುರುವಾಗುವ ದಿನವೇ ತೂಕ, ಸೊಂಟದ ಸುತ್ತಳತೆ, ಬಿ.ಪಿ., ಸಕ್ಕರೆ, ಕೊಬ್ಬು ನೋಡಿ ಬರೆಯಬೇಕು. ನಾಲ್ಕು, ಎಂಟು, ಹನ್ನೆರಡನೇ ವಾರ ಮತ್ತೆ ತೂಗಬೇಕು. ಹನ್ನೆರಡನೇ ವಾರ ರಕ್ತ ಪರೀಕ್ಷೆ, ಆಮೇಲೆ ವರ್ಷ ವರ್ಷವೂ. ಸೊಂಟದಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಮಾತ್ರೆ ಬದಲಿಸುವುದೋ, ಮೆಟ್ಫಾರ್ಮಿನ್ ಸೇರಿಸುವುದೋ ಅಂದೇ ಯೋಚಿಸಬೇಕು. ಮನೋರೋಗಕ್ಕೆ ಮಾತ್ರೆ ತೆಗೆದುಕೊಳ್ಳುವ ಎಲ್ಲರಿಗೂ, ವಯಸ್ಸು ಕೇಳದೆ, ಎನ್‌ಸಿಡಿ ಕ್ಲಿನಿಕ್ಕಿನ ಬಾಗಿಲು ತೆರೆಯಬೇಕು.

ತಾಯಂದಿರೇ, ಅಣ್ಣತಮ್ಮಂದಿರೇ, ತೂಕ ನೋಡದೆ ಬರೆದ ಚೀಟಿ ಹಿಡಿದು ಎದ್ದು ಬರಬೇಡಿ. "ಸಕ್ಕರೆ ನೋಡಿದ್ರಾ?" ಎಂದು ಕೇಳಿ. ಗದರಿದರೆ ಮತ್ತೆ ಕೇಳಿ. ಆಗಲೂ ನೋಡದಿದ್ದರೆ ಲಿಖಿತವಾಗಿ ದೂರು ಕೊಡಿ. ಗಲಾಟೆ ಮಾಡದೆ ಇದ್ದರೆ ಸಾಕು ಎಂದು ಈ ಸಮಾಜ ನಿಮ್ಮ ಮಗನ ಬಗ್ಗೆ ತೀರ್ಮಾನಿಸಿಬಿಟ್ಟಿದೆ. ಆ ತೀರ್ಮಾನಕ್ಕೆ ನೀವು ಒಪ್ಪಬೇಡಿ. ಅವನು ಬುದ್ಧಿ ನೆಟ್ಟಗಿಟ್ಟುಕೊಂಡು ಬದುಕಬೇಕು, ತಲೆ ನರೆಯುವ ತನಕ ಬದುಕಬೇಕು. ಅದು ಅವನ ಹಕ್ಕು.