ಉಳಿದ ಕೋಳಿ ಬರೇ ಹೆಣ್ಣಮಕ್ಕಳ ಪಾಲಲ್ಲ

ಅಕ್ಕಗೋಳೆ, ತಂಗಿಗೋಳೆ, ಒಂದ್ ಮಾತು ಖರೇ ಹೇಳ್ರಿ. ಐತಾರ ಕೋಳಿ ಸಾರು ಮಾಡಿದ್ರ ನಿಮ್ಮ ತಾಟಿನಾಗ ಏನ್ ಬೀಳ್ತದ? ಕಾಲು, ಎದಿ ಗಂಡಸ್ರಿಗಿ, ಮಕ್ಕಳಿಗಿ ಹೋತು. ಕುತ್ಗಿ, ಬೆನ್ನಿನ ಎಲಬು, ಒಂದೀಟು ಸಾರು ನಮಗ. ಬೀಗರು ಬರ್ತಾರಂತ ಜಾಸ್ತಿ ಮಾಡಿದಾಗ ಏಳೆಂಟು ತುಂಡು ಉಳೀತಾವ. ಮರುದಿನ ಸೋಮಾರ, ಈಶ್ವರನ ವಾರ, ಯಾರೂ ಮುಟ್ಟಂಗಿಲ್ಲ. ಹಂಗಾಗಿ ರಾತ್ರಿ ಹತ್ತಕ್ಕ "ಕೆಡ್ತದ, ನೀನೇ ತಿಂದ್ಬಿಡು" ಅಂತಾರ, ಇಲ್ಲಾ ನಾಯಿಗಿ ಹಾಕ್ತಾರ.

ನಾ ಅನ್ನೂದು ಇಷ್ಟೇ: ತಂಗಳ ಅಂದ್ರ ಹೆಣ್ಣಮಕ್ಕಳ ಊಟ ಅನ್ನೂ ರೂಢಿ ಮುರೀಬೇಕು. ಉಳಿದಿದ್ದು ಮಂಗಳಾರ ಹುರಿದು ಎಲ್ಲರ ತಾಟಿಗಿ ಬಡಿಸ್ಬೇಕು.

ಇದು ಬರೇ ರುಚಿ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಾಗ 15ರಿಂದ 49 ವಯಸ್ಸಿನ ಹೆಣ್ಣಮಕ್ಕಳೊಳಗ ಹತ್ತಿರ ಹತ್ತಿರ ಅರ್ಧ ಮಂದಿಗಿ ರಕ್ತ ಕಮ್ಮಿ. ಗಂಡಸ್ರೊಳಗ ಅದಕ್ಕಿಂತ ಎಷ್ಟೋ ಕಮ್ಮಿ ಮಂದಿಗಿ. ಕಡೀಕ ಉಣ್ಣೂದು ಮರ್ಯಾದಿ ಅಂತ ಕಲಿಸ್ಯಾರ, ಆ ಮರ್ಯಾದಿಲೆ ರಕ್ತ ಬರಂಗಿಲ್ಲ.

ಹತ್ತು ನಿಮಿಷದ ಕೆಲಸ ಅದ. ತುಂಡಿನ ಎಲಬು ಬಿಡಿಸಿ, ಬೆರಳಲೆ ಎಳಿ ಎಳಿ ಮಾಡ್ರಿ. ಕಡಾಯಿ ಚೆಂದ ಕಾಸಿ ಎರಡು ಚಮಚ ಶೇಂಗಾ ಎಣ್ಣಿ, ಜೀರಿಗಿ, ಜಜ್ಜಿದ ಬಳ್ಳೊಳ್ಳಿ, ಸೀಳಿದ ಹಸಿಮೆಣಸಿನಕಾಯಿ ಹಾಕ್ರಿ. ಉರಿ ಜೋರ ಇರ್ಲಿ. ಗಜ್ಜರಿ ಮೊದಲ, ಅದು ತಡಾ ಬೇಯ್ತದ. ಆಮ್ಯಾಲ ಕ್ಯಾಬೀಜ್, ಕಡೀಕ ಉಳ್ಳಾಗಡ್ಡಿ ತಪ್ಪಲ. ಮುಚ್ಚಬ್ಯಾಡ್ರಿ, ನೀರು ಬಿಡ್ತದ. ಕಾಯಿಪಲ್ಯ ಅರ್ಧ ಬೆಂದ ಮ್ಯಾಲ ಕೋಳಿ ಹಾಕಿ, ಸುಡುಸುಡು ಆಗೂತನ ತಿರುವ್ರಿ. ಭಾಳ ಹೊತ್ತು ಬಿಟ್ರ ನಾರಾಗ್ತದ. ಉಪ್ಪು ಖಾರ ಮೊದ್ಲೇ ಹತ್ತಿರ್ತದ, ನೋಡಿ ಹಾಕ್ರಿ. ಮ್ಯಾಲ ಲಿಂಬಿಹಣ್ಣು. ಬಿಸಿ ಜ್ವಾಳದ ರೊಟ್ಟಿ ಜೋಡಿ ಏಳೆಂಟು ತುಂಡು ಆರು ಮಂದಿಗಿ ಸಾಲ್ತದ. ದೊಡ್ಡ ಲಾಭ ಬ್ಯಾರೇನೇ ಅದ: ಎಳಿ ಮಾಡಿದ ಮ್ಯಾಲ ಕಾಲ್ಯಾವ್ದು, ಕುತ್ಗಿ ಯಾವ್ದು ಗೊತ್ತಾಗಂಗಿಲ್ಲ. ಪಾಲಿನಾಗ ಭೇದ ಉಳಿಯಂಗಿಲ್ಲ.

"ತಂಗಳ ಕೋಳಿ ಹೊಟ್ಟಿ ಕೆಡಸ್ತದ" ಅಂತೀರಿ. ಹೊರಗ ಇಟ್ರ ಖರೇ. ಆಳಂದ, ಅಫಜಲಪುರ, ಜೇವರ್ಗಿ ಕಡಿ ಬ್ಯಾಸಗ್ಯಾಗ ಬಿಸಿಲು 40 ಡಿಗ್ರಿ ದಾಟ್ತದ. ಅಂಥಾ ಸೆಕ್ಯಾಗ ಉಂಡ ತಾಸಿನೊಳಗ ಅಗಲ ಡಬ್ಬ್ಯಾಗ ಹಾಕಿ ಫ್ರಿಜ್‌ನಾಗ ಇಡ್ರಿ. ರಾತ್ರಿಯೆಲ್ಲ ಹೊರಗ ಇದ್ದಿದ್ದು, ಕರೆಂಟ್ ಹೋಗಿ ಐದಾರು ತಾಸು ಫ್ರಿಜ್ ಬಂದ್ ಆಗಿದ್ದು ಚೆಲ್ರಿ. ಕುದಿಸಿದ್ರೂ ಕೆಲವು ವಿಷ ಹೋಗಂಗಿಲ್ಲ. ಬಿಸಿ ಮಾಡೂದು ಒಂದೇ ಸಲ. ಫ್ರಿಜ್ ಇಲ್ದವ್ರು ಅಳತಿಲೆ ಮಾಡಿ, ಅಂದೇ ಸಮ ಹಂಚಿ ತಿನ್ರಿ.

"ನಮ್ಮ ಮನಿ ಗಂಡಸ್ರು ತಂಗಳ ಮುಟ್ಟಂಗಿಲ್ಲ" ಅನ್ನೂದು ಇನ್ನೊಂದು. ಅವ್ರೇ ಧಾಬಾಕ್ಕ ಹೋಗಿ, ಮುಂಜಾನಿ ಬೇಯಿಸಿಟ್ಟ ಕೋಳಿ ರಾತ್ರಿ ಹುರಿಸ್ಕೊಂಡು, ರೊಕ್ಕ ಕೊಟ್ಟು ತಿಂತಾರ. ಅಲ್ಲಿ ನಡೀತದ, ಮನ್ಯಾಗ ಯಾಕ ನಡ್ಯಂಗಿಲ್ಲ? ಹಂಗ ನೋಡಿದ್ರ, ಅವ್ರು ಮುಟ್ಟದ ಊಟ ನಾವ್ಯಾಕ ಉಣ್ಬೇಕು?

ಮಂಗಳಾರ ತಾಟು ಹಚ್ಚೂವಾಗ ನಿಮ್ಮ ತಾಟೂ ಎಲ್ಲರ ಜೋಡಿ ಇಡ್ರಿ. "ಆಮ್ಯಾಲ ಉಣ್ತೀನಿ" ಅನ್ನಬ್ಯಾಡ್ರಿ. ಆಮ್ಯಾಲ ಅನ್ನೂದ್ರಾಗ ಕಡಾಯಿ ಖಾಲಿ ಆಗಿರ್ತದ.