ಗೂರ್ಖನ ಸೀಟಿಯೂ ಕಾಳಿಯ ಕಲ್ಲೂ

ಕಳೆದ ಭಾನುವಾರ ಸಾಯಂಕಾಲ ನಮ್ಮ ಬೀದಿಯ ಗಣಪತಿ ಗುಡಿಯ ಕಟ್ಟೆಯ ಮೇಲೆ ನೆರೆದ ಸಭೆಯು, ಮೂವತ್ತೆರಡು ಮನೆಗಳ ಪೈಕಿ ಮೂವತ್ತೊಂದರ ಸಮ್ಮತಿಯಿಂದಲೂ ಒಂದರ ಗೊಣಗಾಟದಿಂದಲೂ, ಹದಿನಾಲ್ಕು ವರ್ಷಗಳಿಂದ ಇರುಳೆಲ್ಲ ನಮ್ಮನ್ನು ಕಾದು ಬಂದ ಗೂರ್ಖನಿಗೆ ಮನೆಯೊಂದಕ್ಕೆ ತಿಂಗಳಿಗೆ ಐವತ್ತು ರೂಪಾಯಿಯಂತೆ ಸಲ್ಲುತ್ತಿದ್ದ ವಂತಿಗೆಯನ್ನು ಇನ್ನು ಮುಂದೆ ನಿಲ್ಲಿಸತಕ್ಕದ್ದೆಂದು ನಿರ್ಣಯಿಸಿತು. ಗೊಣಗಿದ ಮನೆ ನನ್ನದು. ಬೀಗ ಹಾಕಿದ ಮನೆಗಳ ಕಳವಿನ ವಾರ್ತೆಗಳನ್ನು ಮಂಡ್ಯದ ಓದುಗರು ನನಗಿಂತ ಮೊದಲೇ ಓದಿರುತ್ತಾರಾದ್ದರಿಂದ ಹಿನ್ನೆಲೆಯನ್ನು ವಿವರಿಸುವ ಅಗತ್ಯವಿಲ್ಲ. ಮನೆಗೆ ಮೂರು ಸಾವಿರದಂತೆ ಕೂಡಿಸಿದ ತೊಂಬತ್ತಾರು ಸಾವಿರ ರೂಪಾಯಿಗಳಲ್ಲಿ ಬೀದಿಯ ಎರಡು ತುದಿಗಳಿಗೂ ನಡುವಣ ತಿರುವಿಗೂ ಆರು ಕ್ಯಾಮೆರಾಗಳು ಬಂದಿವೆ, ಆದುದರಿಂದ ಗೂರ್ಖನು ಹೋಗತಕ್ಕದ್ದು, ಎಂಬಷ್ಟೇ ವಾದ. ಆ ಮೊತ್ತವು ಅವನ ಐದು ವರ್ಷದ ಸಂಬಳಕ್ಕೆ ಸರಿಯಾಗುತ್ತದೆಂದು ನಾನು ಲೆಕ್ಕ ಹೇಳಿದೆನು. ಗಣಿತದ ಮೇಷ್ಟರಾಗಿದ್ದವರ ಲೆಕ್ಕವನ್ನು ನಿವೃತ್ತಿಯ ಅನಂತರ ಯಾರೂ ಕೇಳುವುದಿಲ್ಲ.

"ಅಲ್ಲ ಮೇಷ್ಟ್ರೇ, ಮನುಷ್ಯ ಅಂದ್ಮೇಲೆ ತೂಕಡಿಸ್ತಾನೆ. ಕ್ಯಾಮ್ರಾ ತೂಕಡಿಸ್ತದಾ?" ಎಂದನು ಎದುರುಮನೆಯ ಕಂಟ್ರಾಕ್ಟರು, ನನ್ನ ಹಳೆಯ ವಿದ್ಯಾರ್ಥಿ.

ತೂಕಡಿಸುವುದಿಲ್ಲ, ಒಪ್ಪಿದೆ. ಆದರೆ ಎಚ್ಚರವಾಗಿಯೂ ಇರುವುದಿಲ್ಲವೆಂಬುದನ್ನು ಯಾವ ಮಾತಿನಲ್ಲಿ ಅವನಿಗೆ ತಿಳಿಯಹೇಳುವುದು? ನೋಡುವುದು ಬೇರೆ, ಕಾಯುವುದು ಬೇರೆ. 2013ರ ನವೆಂಬರ್ 19ರ ಮುಂಜಾನೆ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿಯ ಎಟಿಎಂ ಒಂದರೊಳಗೆ ಹೆಂಗಸೊಬ್ಬಳ ಹಿಂದೆಯೇ ನುಗ್ಗಿ, ಷಟರ್ ಎಳೆದುಕೊಂಡು, ಮಚ್ಚಿನಿಂದ ಹೊಡೆದವನನ್ನು ಕ್ಯಾಮೆರಾವು ಆದಿಯಿಂದ ಅಂತ್ಯದವರೆಗೆ ಕದಲದೆ ನೋಡಿತು. ಅನಂತರ ದೇಶವೆಲ್ಲವೂ ಟೆಲಿವಿಷನ್ನಿನಲ್ಲಿ ನೋಡಿತು. ಮುಖವು ಅಂಗೈಯ ನೆಲ್ಲಿಕಾಯಿಯಂತೆ ಸ್ಪಷ್ಟವಾಗಿದ್ದ ಆ ಮನುಷ್ಯನು ಆಂಧ್ರದ ಮದನಪಲ್ಲಿಯಲ್ಲಿ ಸೆರೆಸಿಕ್ಕಿದುದು 2017ರ ಫೆಬ್ರವರಿಯಲ್ಲಿ. ಅಲ್ಲಿ ಇಲ್ಲದಿದ್ದುದು ಕಣ್ಣಲ್ಲ. ಕೂಗಿದರೆ ಓಡಿಬರುವ ಒಬ್ಬ ಕಾವಲುಗಾರ.

ಇದಾದ ಮೇಲೆ ಕಳ್ಳರೂ ವಿದ್ಯಾವಂತರಾದರು. 2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕಿನಿಂದ ಹದಿನೇಳು ಕಿಲೋಗೂ ಮಿಕ್ಕಿದ ಬಂಗಾರವನ್ನು ಹೊತ್ತವರು ಹೋಗುವಾಗ ಕ್ಯಾಮೆರಾಗಳ ನೆನಪನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತೊಯ್ದರು. ಬಂಗಾರವು ತಿಂಗಳುಗಳ ತರುವಾಯ ಮಧುರೆಯ ಕಡೆಯ ಒಂದು ಬಾವಿಯಿಂದ ಮೇಲೆ ಬಂದಿತು. ಮರುವರ್ಷ ಮೇ ತಿಂಗಳಿನಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕಿನಿಂದ ಸುಮಾರು 59 ಕಿಲೋ ಬಂಗಾರ ಹೋಯಿತು, ಮತ್ತು ಆ ಪ್ರಕರಣದಲ್ಲಿ ಪೊಲೀಸರು ಹಿಡಿದ ಮುಖ್ಯ ಆರೋಪಿಯು ಅದೇ ಶಾಖೆಯ ಹಿಂದಿನ ವ್ಯವಸ್ಥಾಪಕನು. ಬೀಗವೂ ಕ್ಯಾಮೆರಾವೂ ಎಲ್ಲಿವೆಯೆಂಬುದನ್ನು ಬಲ್ಲವನನ್ನು ಬೀಗವಾಗಲಿ ಕ್ಯಾಮೆರಾವಾಗಲಿ ತಡೆಯಲಾರವು.

ದೊಡ್ಡ ಬ್ಯಾಂಕಿನ ಮಾತೇಕೆ? ಮಳವಳ್ಳಿ ತಾಲ್ಲೂಕಿನಲ್ಲಿರುವ ನನ್ನ ಸೋದರಳಿಯನು, ಪಂಪ್‌ಸೆಟ್ಟಿನ ಕೇಬಲ್ಲನ್ನು ತಾಮ್ರದ ಆಸೆಗೆ ಎರಡು ಸಲ ಯಾರೋ ಕತ್ತರಿಸಿಕೊಂಡು ಹೋದ ಕಾರಣ, ಬಿಸಿಲಿನಿಂದ ನಡೆಯುವ, ಸಿಮ್ ಕಾರ್ಡು ತೊಡಿಸಿದ, ತಾನು ಕಂಡುದನ್ನು ಕೂಡಲೇ ಮೊಬೈಲಿಗೆ ರವಾನಿಸುವ ಕ್ಯಾಮೆರಾವೊಂದನ್ನು ಬಾವಿಯ ಪಕ್ಕದ ತೆಂಗಿನ ಮರಕ್ಕೆ ಬಿಗಿಸಿದನು. (ನಮ್ಮ ಮಳವಳ್ಳಿಯವರಿಗೆ ಕರೆಂಟಿನ ಮೇಲೆ ನಂಬಿಕೆ ಕಡಿಮೆ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮನೆಯ ಅಂಗಳವನ್ನು ಬೆಳಗದೆ ನೇರವಾಗಿ ಕೋಲಾರದ ಚಿನ್ನದ ಗಣಿಗೆ ನಡೆದುಹೋಯಿತು. ಆ ಮುನಿಸು ಇನ್ನೂ ಪೂರ್ತಿ ಆರಿಲ್ಲ.) ಮೂರನೆಯ ವಾರ ನಡುರಾತ್ರಿ ನನಗೆ ಫೋನು ಬಂದಿತು.

"ಮಾವ, ಫೋಟೋ ಬಂದದೆ."

"ಯಾರೋ?"

"ಏನೂ ಕಾಣಾಕಿಲ್ಲ ಮಾವ. ಗೋಣಿಚೀಲದ ಒಳ್ಗಡೆ ಅನ್ನುಸ್ತದೆ."

ಕೇಬಲ್ಲಿನೊಡನೆ ಕ್ಯಾಮೆರಾವನ್ನೂ ಚೀಲಕ್ಕೆ ತುಂಬಿಕೊಂಡು ಹೋಗಿದ್ದರು. ಆ ಸ್ವಾಮಿನಿಷ್ಠ ಯಂತ್ರವು ಬ್ಯಾಟರಿ ತೀರುವವರೆಗೆ ಗೋಣಿಯ ಒಳಮೈಯ ಹನ್ನೊಂದು ಚಿತ್ರಗಳನ್ನು ತನ್ನ ಒಡೆಯನಿಗೆ ಕಳುಹಿಸಿಕೊಟ್ಟಿತು.

ಇದನ್ನು ಸಭೆಯಲ್ಲಿ ಹೇಳಿ ನಗಿಸಿದೆನಾದರೂ ಗೆಲ್ಲಲಿಲ್ಲ. ಏಕೆಂದರೆ ಕಂಟ್ರಾಕ್ಟರನ ತಾಯಿ, ಅಲ್ಲಿಯವರೆಗೆ ಸುಮ್ಮನೆ ಬತ್ತಿ ಹೊಸೆಯುತ್ತಿದ್ದವರು, ತಲೆಯೆತ್ತದೆಯೇ, "ಗುತ್ಲು ಅರ್ಕೇಶ್ವರನ ಗುಡೀಲಿ ಮೂರು ಜನ ಮಲಗಿದ್ರಲ್ಲಪ್ಪ ಕಾವಲಿಗೆ" ಎಂದರು. ಕಟ್ಟೆಯ ಮೇಲೆ ಯಾರೂ ಮಾತನಾಡಲಿಲ್ಲ. 2020ರ ಸೆಪ್ಟೆಂಬರಿನ ಆ ರಾತ್ರಿಯನ್ನು ಮಂಡ್ಯದವರಿಗೆ ವಿವರಿಸಬೇಕಾಗಿಲ್ಲ. ಪೂಜೆಯನ್ನೂ ಕಾವಲನ್ನೂ ಒಂದೇ ಹೆಗಲ ಮೇಲೆ ಹೊತ್ತಿದ್ದ ಮೂವರನ್ನು, ಹುಂಡಿಯಲ್ಲಿದ್ದ ಹಣಕ್ಕಾಗಿ, ಮಲಗಿದ್ದಲ್ಲಿಯೇ ಕೊಂದರು. ಮನುಷ್ಯನಿದ್ದರೆ ಸಾಕೆಂದು ವಾದಿಸುವ ನನ್ನಂಥವನಿಗೆ ಇದಕ್ಕಿಂತ ಕಠಿಣವಾದ ಉತ್ತರವಿಲ್ಲ, ಮತ್ತು ಆ ಹೊತ್ತಿನಲ್ಲಿ ನನಗೆ ಮರುಮಾತು ತೋಚಲೂ ಇಲ್ಲ.

ಮನೆಗೆ ಬಂದು ರಾತ್ರಿ ಯೋಚಿಸಲಾಗಿ ತೋಚಿದುದು ಇಷ್ಟು. ಮನೆಗೆ ಕ್ಯಾಮೆರಾ ಕಾವಲೆಂಬ ಕಲ್ಪನೆಗೆ ಮೊದಲಿಗರಲ್ಲಿ ಒಬ್ಬಳು ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸು. ಹೊತ್ತಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬಳೇ ಇರಬೇಕಾಗಿ ಬಂದು, ಕರೆದರೂ ಪೊಲೀಸರು ತಡವಾಗಿ ಬರುವ ಆ ಕೇರಿಯಲ್ಲಿ ಹೆದರಿ, ಗಂಡನೊಡನೆ ಕೂಡಿ ರೂಪಿಸಿದ ವ್ಯವಸ್ಥೆಗೆ 1969ರ ಡಿಸೆಂಬರಿನಲ್ಲಿ ಆಕೆಗೆ ಪೇಟೆಂಟು ದೊರೆಯಿತು. ಅದರಲ್ಲಿ ಬಾಗಿಲಿನ ಹೊರಗೆ ನಿಂತವನನ್ನು ನೋಡುವ ಕ್ಯಾಮೆರಾ ಇದ್ದಿತು, ನಿಜ. ಆದರೆ ಅವನೊಡನೆ ಮಾತನಾಡುವ ಸಾಧನವೂ, ಅನುಮಾನ ಬಂದರೆ ಒತ್ತಿ ಕಾವಲಿನವರನ್ನು ಕರೆಯುವ ಗುಂಡಿಯೂ ಇದ್ದುವು. ಕಣ್ಣಿನ ಹಿಂದೆ ಕೈ ಬೇಕೆಂಬುದು ಆ ನರ್ಸಿಗೆ ತಿಳಿದಿತ್ತು. ಅರ್ಕೇಶ್ವರನ ಗುಡಿಯ ಮೂವರ ಕೈಗೆ ಅಂಥ ಒಂದು ಗುಂಡಿಯನ್ನು ನಾವು ಕೊಟ್ಟಿದ್ದೆವೇ? ಹುಂಡಿಯನ್ನು ತುಂಬಿಸಿದವರು ನಾವು. ಅದನ್ನು ಕಾಯಲು ಅವರನ್ನು ಬಿಟ್ಟು ಮನೆಗೆ ಹೋಗಿ ಮಲಗಿದವರೂ ನಾವೇ. ಗೂರ್ಖನಿಗೆ ಕ್ಯಾಮೆರಾವನ್ನು ಜೊತೆಗೂಡಿಸಿದ್ದರೆ ನಾನು ಮೂರು ಸಾವಿರಕ್ಕೆ ಬದಲು ನಾಲ್ಕು ಕೊಡುತ್ತಿದ್ದೆನು. ಅವನ ಬದಲಿಗೆ ಅದನ್ನು ತಂದಿರುವುದೇ ನನ್ನ ತಗಾದೆ.

ಗೂರ್ಖನ ಸೀಟಿಯು ಕಳ್ಳನಿಗೆ ಮುನ್ಸೂಚನೆ ಕೊಡುತ್ತದೆಂಬ ಹಳೆಯ ಹಾಸ್ಯವೊಂದುಂಟು. ಅಂದೂ ಯಾರೋ ಅದನ್ನು ಮರೆಯದೆ ಹೇಳಿದರು. ಕೊಡಲಿ! ಕಾವಲಿನ ಉದ್ದೇಶವು ಕಳ್ಳನನ್ನು ಹಿಡಿಯುವುದಲ್ಲ, ಬಾರದಂತೆ ಮಾಡುವುದು. ಲೈಟು ಕಂಬಕ್ಕೆ ದೊಣ್ಣೆಯಿಂದ ಕುಟ್ಟುತ್ತ ಅವನು ಸಾಗಿದಾಗ, ಈ ಬೀದಿಯಲ್ಲಿ ಒಬ್ಬನು ಎಚ್ಚರವಾಗಿದ್ದಾನೆಂಬ ಸಮಾಚಾರವು ಕಳ್ಳನಿಗೂ ತಲುಪುತ್ತಿತ್ತು, ಮೂರು ಗಂಟೆಗೆ ನಿದ್ರೆಗೆಟ್ಟು ಮಲಗಿದ ನನ್ನಂಥ ಮುದುಕನಿಗೂ ತಲುಪುತ್ತಿತ್ತು. ಗೇಟಿಗೆ ಅಗುಳಿ ಹಾಕಲು ಮರೆತರೆ ಹಾಕಿ ಹೋಗುತ್ತಿದ್ದನು. ಹಾಲಿನ ಪ್ಯಾಕೆಟ್ಟು ಎರಡು ದಿನ ಎತ್ತದೆ ಬಿದ್ದಿದ್ದರೆ ಪಕ್ಕದ ಮನೆಯವರನ್ನು ಎಬ್ಬಿಸುತ್ತಿದ್ದನು. ಆರು ಕ್ಯಾಮೆರಾಗಳೂ ಆ ಪ್ಯಾಕೆಟ್ಟನ್ನು ಮೂವತ್ತು ದಿನ ಜೋಪಾನವಾಗಿ ನೆನಪಿಟ್ಟುಕೊಳ್ಳುವುವು, ಮೂವತ್ತೊಂದನೆಯ ದಿನ ಮರೆತುಬಿಡುವುವು. ಜನ ಸೇರುವ ಅಂಗಡಿ ಛತ್ರಗಳಿಗೆ ಮೂವತ್ತು ದಿನಗಳ ಈ ನೆನಪನ್ನು ವಿಧಿಸಿದುದು 2017ರ ಸಾರ್ವಜನಿಕ ಸುರಕ್ಷತಾ ಅಧಿನಿಯಮ. ನಮ್ಮ ಬೀದಿಯವರು ಅದನ್ನು ಯಾರೂ ಹೇಳದೆಯೇ ಶಿರಸಾವಹಿಸಿದ್ದಾರೆ.

ಮನುಷ್ಯ ಕಾವಲಿನ ವಿಷಯಕ್ಕೂ ಕಾನೂನು ಇಲ್ಲವೆಂದಲ್ಲ. ಖಾಸಗಿ ಭದ್ರತಾ ಸಂಸ್ಥೆಗಳ 2005ರ ಅಧಿನಿಯಮದ ಕೆಳಗೆ ಮಾಡಿದ ಮಾದರಿ ನಿಯಮಗಳು ಕಾವಲುಗಾರನಿಗೆ ನೂರು ಗಂಟೆ ಪಾಠವನ್ನೂ ಅರವತ್ತು ಗಂಟೆ ಕ್ಷೇತ್ರಾಭ್ಯಾಸವನ್ನೂ ಹೇಳುತ್ತವೆ. ನಮ್ಮ ಪೇಟೆಯ ಅಂಗಡಿಗಳ ಮುಂದೆ, ಯಾರದೋ ಅಳತೆಗೆ ಹೊಲಿದ ನೀಲಿ ಅಂಗಿಯೊಳಗೆ ತಾನು ಕಳೆದುಹೋಗಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಚಳಿಗೆ ಮುದುಡಿ ಕುಳಿತಿರುವ, ನಿನ್ನೆಯವರೆಗೆ ಕಬ್ಬು ಕಡಿಯುತ್ತಿದ್ದ ಹಿರಿಯರನ್ನು ನೂರರವತ್ತು ಗಂಟೆಗಳ ಕಾಲ ಯಾರು ಎಲ್ಲಿ ಪಳಗಿಸಿದರೋ ದೇವರೇ ಬಲ್ಲ.

ಇಲ್ಲಿ ನನ್ನ ಹಳೆಯ ಹುಚ್ಚೊಂದಕ್ಕೆ ಓದುಗರು ಅವಕಾಶ ಕೊಡಬೇಕು. ಈ ಅಂಕಣದಲ್ಲಿ ಇದು ಮೂರನೆಯ ಸಲವೋ ನಾಲ್ಕನೆಯ ಸಲವೋ. ಇಂದಿನವರು ಆತಗೂರು ಎನ್ನುವ, ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿಸ್ತಶಕ 949-50ರ ಒಂದು ಕಲ್ಲು ದೊರೆಯಿತು. ತಕ್ಕೋಲದ ಕದನದಲ್ಲಿ ಚೋಳ ರಾಜಾದಿತ್ಯನು ಮಡಿದ ಕಾಲ. ಗಂಗ ಬೂತುಗನ ಭಟನಾದ ಮಣಲೆರನ ಪರಾಕ್ರಮಕ್ಕೆ ಅರಸನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನು. ಮಣಲೆರನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದನು. ಆ ಕಾಳಿಯು ಹಿರಿದೊಂದು ಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಾಗ, ಚಲ್ಲೇಶ್ವರನ ಗುಡಿಯ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನು ನಾಯಿಯ ಪಾಪವನ್ನು ಹೊರುವನೆಂದು ಬರೆಯಿಸಿದರು. ಅದು ಬೇಟೆಯ ನಾಯಿಯೇ ಹೊರತು ಕಾವಲಿನ ನಾಯಿಯಲ್ಲವೆಂದು ಇತಿಹಾಸದ ಮಿತ್ರರು ಪತ್ರ ಬರೆಯುವರು, ಬರೆಯಲಿ. ನಮ್ಮ ಜಿಲ್ಲೆಯವರು ಸಾವಿರದ ಎಪ್ಪತ್ತೈದು ವರ್ಷಗಳ ಹಿಂದೆ, ತಮ್ಮೊಡನೆ ನಿಂತು ಹೋರಾಡಿದ ನಾಯಿಯೊಂದರ ಋಣವನ್ನು ಹೇಗೆ ತೀರಿಸಬೇಕೆಂಬುದನ್ನು ಬಲ್ಲವರಾಗಿದ್ದರೆಂಬುದಷ್ಟೇ ನನ್ನ ಮಾತು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಕಾಳಿಗೆ ಕಾವಲುಂಟು.

ಹಳ್ಳಿಗಳಲ್ಲಿ ತಳವಾರನೂ ತೋಟಿಯೂ ಇದ್ದ ಕಾಲವನ್ನು ಹೊಗಳಲು ನಾನು ಹೊರಟಿಲ್ಲ. ರಾಗಿಯ ಹಗೇವು ಎಲ್ಲಿದೆ, ಹೊಲದ ಎಲ್ಲೆ ಎಲ್ಲಿದೆ, ಸಂತೆಗೆ ಬಂದ ಅಪರಿಚಿತನು ಯಾರ ಮನೆಯ ನೆಂಟನು ಎಂಬುದೆಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಊರನ್ನು ಕಾದವನಿಗೆ ಸುಗ್ಗಿಯಲ್ಲಿ ಸಲ್ಲುತ್ತಿದ್ದುದು ಕಣದ ಅಂಚಿನ ಆಯ. ಹುಟ್ಟಿದ ಜಾತಿಯೇ ಅವನ ನೇಮಕಾತಿಯ ಆದೇಶ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮವು ಅದನ್ನು ತೆಗೆದುಹಾಕಿದುದು ಸರಿಯೇ. ಆದರೆ ಹುದ್ದೆಯನ್ನು ರದ್ದುಗೊಳಿಸಿದವರು ಕೆಲಸವನ್ನು ಯಾರಿಗೂ ಒಪ್ಪಿಸಲಿಲ್ಲ; ಇರುಳು ಕಾಯುವ ಕೆಲಸವು ಅನಾಥವಾಗಿ ಬೀದಿಯಲ್ಲಿ ಬಿದ್ದಿದ್ದಾಗ, ನೇಪಾಳದಿಂದ ಬಂದವನೊಬ್ಬನು ಅದನ್ನು ಎತ್ತಿಕೊಂಡನು.

ಅವನನ್ನು ನಾವೆಲ್ಲರೂ ಬಹಾದ್ದೂರ್ ಎಂದು ಕರೆಯುತ್ತಿದ್ದೆವು. ಅವನಿಗೆ ಮುಂಚೆ ಇದ್ದವನನ್ನೂ ಹಾಗೆಯೇ ಕರೆಯುತ್ತಿದ್ದೆವು. ಸಭೆ ಮುಗಿದ ಮೇಲೆ, ಹೋಗುವವನಿಗೆ ಒಂದು ಶಾಲು ಹೊದಿಸೋಣವೆಂದು ನಾನು ಹೇಳಲಾಗಿ, ಕಂಟ್ರಾಕ್ಟರನಿಗೂ ಮನ ಕರಗಿ, ಮಾನಪತ್ರದಂತೆ ಒಂದು ಕಾಗದವನ್ನೂ ಬರೆದುಕೊಡೋಣ, ಬೇರೆಲ್ಲಾದರೂ ಕೆಲಸಕ್ಕೆ ಅನುಕೂಲವಾಗುತ್ತದೆ ಎಂದನು. ಬರೆಯಲು ನನ್ನನ್ನೇ ಕೂರಿಸಿದರು. ಮೊದಲನೆಯ ಸಾಲಿನಲ್ಲಿಯೇ ಲೇಖನಿ ನಿಂತಿತು. ಹೆಸರೇನು? ಮೂವತ್ತೆರಡು ಮನೆಗಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹತ್ತನೆಯ ಶತಮಾನದ ಮದ್ದೂರಿನ ನಾಯಿಯ ಹೆಸರನ್ನು ನಿದ್ದೆಯಲ್ಲಿಯೂ ಹೇಳಬಲ್ಲ ನನಗೂ ಗೊತ್ತಿರಲಿಲ್ಲ. ಕ್ಯಾಮೆರಾದ ಕಂಪನಿ, ಅದರ ಮೆಗಾಪಿಕ್ಸೆಲ್ಲು, ವಾರಂಟಿಯ ಅವಧಿ ಇವು ಕಂಟ್ರಾಕ್ಟರನ ಎಂಟು ವರ್ಷದ ಮಗನಿಗೆ ಬಾಯಿಪಾಠ.

ಕೇಳೋಣವೆಂದರೆ ಸೋಮವಾರ ರಾತ್ರಿ ಅವನು ಬರಲಿಲ್ಲ. ಯಾರೋ ಆಗಲೇ ಸುದ್ದಿ ಮುಟ್ಟಿಸಿದ್ದರು. ಮಂಗಳವಾರವೂ ಬರಲಿಲ್ಲ. ಬುಧವಾರ ಬೆಳಿಗ್ಗೆ ಕೋತಿಯೊಂದು ಗುಡಿಯ ಬಳಿಯ ಕ್ಯಾಮೆರಾದ ಕುತ್ತಿಗೆಯನ್ನು ತಿರುವಿದೆ. ಅಂದಿನಿಂದ ಅದು ಆಕಾಶವನ್ನು ಕಾಯುತ್ತಿದೆ, ಸರಿಪಡಿಸುವವನು ಬರುವ ವಾರ ಬರುತ್ತಾನಂತೆ.

ಮಂಡ್ಯದಲ್ಲಾಗಲಿ ಮದ್ದೂರು ಮಳವಳ್ಳಿಯ ಪೇಟೆಗಳಲ್ಲಾಗಲಿ, ಕಂದು ಸ್ವೆಟರು ತೊಟ್ಟು, ಎಡಗಾಲನ್ನು ತುಸು ಎಳೆದು ನಡೆಯುವ, ಕೊರಳಿಗೆ ಕೆಂಪು ದಾರದಲ್ಲಿ ಸೀಟಿ ಕಟ್ಟಿಕೊಂಡ ಐವತ್ತರ ವಯಸ್ಸಿನ ಗೂರ್ಖನೊಬ್ಬನು ಓದುಗರ ಕಣ್ಣಿಗೆ ಬಿದ್ದರೆ, ಎರಡು ತಿಂಗಳ ಬಾಕಿ ನೂರು ರೂಪಾಯಿ ಮೇಷ್ಟರ ಬಳಿ ಇದೆಯೆಂದು ದಯಮಾಡಿ ತಿಳಿಸಿರಿ. ಮತ್ತು ನನ್ನ ಪರವಾಗಿ ಮೊದಲು ಅವನ ಹೆಸರನ್ನು ಕೇಳಿರಿ.